ಪ್ರವಾದನೆಯನ್ನು ಪರೀಕ್ಷಿಸಲು ಬಿಡಿ: ಕೋಲಾರ ಜಿಲ್ಲೆಯ ಸಭಾಪಾಲಕರಿಗೆ ಒಂದು ಬಹಿರಂಗ ಪತ್ರ

ಕೋಲಾರ ಜಿಲ್ಲೆಯ ಎಲ್ಲ ಸಭೆಗಳ ಅಯ್ಯನವರಿಗೆ, ಪಾಸ್ಟರ್‌ಗಳಿಗೆ, ಹಿರಿಯರಿಗೆ, ಕರ್ತನ ನಾಮದಲ್ಲಿ ವಂದನೆಗಳು.

ನಾನು ಕೋಲಾರದಲ್ಲಿ ನರ್ಸ್. ಕೆಲಸಕ್ಕೆ ಸೇರಿ 22 ವರ್ಷ ಆಯಿತು. ನಿಮ್ಮಲ್ಲಿ ಕೆಲವರ ತಾಯಂದಿರನ್ನು ವಾರ್ಡಿನಲ್ಲಿ ನಾನೇ ನೋಡಿಕೊಂಡಿದ್ದೇನೆ. ನಿಮ್ಮಲ್ಲಿ ಕೆಲವರು ನಮ್ಮ ಅಪ್ಪನ ಸಮಾಧಿಯ ಹತ್ತಿರ ನಿಂತು ಪ್ರಾರ್ಥನೆ ಮಾಡಿದ್ದೀರಿ. ಹಾಗಾಗಿ ಮನೆಯವಳು ಮನೆಯವರಿಗೆ ಬರೆದಂತೆ ಇದನ್ನು ಓದಿ.

ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ವಿಷಯ ಶುರುವಾದದ್ದೇ ಬಹಿರಂಗವಾಗಿ. ಹೋದ ತಿಂಗಳು ಕೆಲವು ಸಭೆಗಳಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಮೈಕಿನಲ್ಲಿ ಒಂದು ಪ್ರಕಟಣೆ ಕೊಟ್ಟರು. ಗುರುವಾರ ಸಾಯಂಕಾಲ ನಡೆಯುವ ರಿಫಾರ್ಮ್ಡ್ ಅಧ್ಯಯನಕ್ಕೆ ಯಾರೂ ಹೋಗಬಾರದು, ಅಲ್ಲಿ ಪ್ರವಾದನೆಯನ್ನು, ಅಂದರೆ ದೇವರ ಹೆಸರಿನಲ್ಲಿ ನುಡಿಯುವ ಮಾತನ್ನು, ತಳ್ಳಿಹಾಕುತ್ತಾರೆ, ಅವರು ಪವಿತ್ರಾತ್ಮನನ್ನು ನಂದಿಸುವವರು ಎಂದು ಹೇಳಿದರು.

ರಿಫಾರ್ಮ್ಡ್ ಎಂದರೆ 16ನೇ ಶತಮಾನದಲ್ಲಿ ಜ್ವಿಂಗ್ಲಿ, ಕ್ಯಾಲ್ವಿನ್ ಅಂಥವರಿಂದ ಶುರುವಾದ ಪ್ರೊಟೆಸ್ಟೆಂಟ್ ಪರಂಪರೆ. ಆ ಗುಂಪಿನಲ್ಲಿ ನಾನೂ ಒಬ್ಬಳು. ಟೈಲರ್ ಅಂಗಡಿಯ ಮೇಲಿನ ಒಂದು ರೂಮು. 11 ಜನ ಇದ್ದೇವೆ. ರಿಟೈರ್ಡ್ ಮೇಷ್ಟ್ರು ಒಬ್ಬರು, ಮೆಡಿಕಲ್ ಶಾಪಿನ ಹುಡುಗ ಒಬ್ಬ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು ಇಬ್ಬರು, ಕಾಲೇಜಿನ ಮಕ್ಕಳು, ನಮ್ಮಂಥ ಹೆಂಗಸರು. ಎಲ್ಲರೂ ನಿಮ್ಮ ಸಭೆಗಳವರೇ. ಭಾನುವಾರ ನಿಮ್ಮ ಪ್ರಸಂಗ ಕೇಳುವವರೇ. ಗುರುವಾರ ಅಲ್ಲಿ ಸತ್ಯವೇದ ಇರುತ್ತದೆ, ಹಳೇ ವಿಶ್ವಾಸಪ್ರಮಾಣದ ಜೆರಾಕ್ಸ್ ಇರುತ್ತದೆ, ಟೀ ಇರುತ್ತದೆ. ಬೇರೇನೂ ಇಲ್ಲ.

ನಾನು ಆ ರೂಮಿನ ಮೆಟ್ಟಿಲು ಹತ್ತಿದ್ದು ಒಂದು ಬೋರ್‌ವೆಲ್‌ನಿಂದಾಗಿ. ಅದನ್ನು ಮೊದಲು ಹೇಳುತ್ತೇನೆ.

ನಮ್ಮ ಅಣ್ಣ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾನೆ. ಎರಡು ಎಕರೆ ಮಾವು, ಒಂದು ಎಕರೆಯಲ್ಲಿ ಟೊಮೆಟೊ. ನಮ್ಮ ಜಿಲ್ಲೆಯ ನೀರಿನ ಕಷ್ಟ ನಿಮಗೆ ಗೊತ್ತು. ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನಲ್ಲಿ ಶುದ್ಧ ಮಾಡಿ ಕಳಿಸುವ ಕೊಳಚೆ ನೀರು, ಬಂದ ಮೇಲೆ ಕೆಲವು ಕೆರೆಗಳು ತುಂಬಿದವು. ಅಣ್ಣನ ಊರಿನ ಕೆರೆ ಆ ದಾರಿಯಲ್ಲಿಲ್ಲ. ಇದ್ದ ಬೋರು ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ನಿಂತುಹೋಯಿತು.

ಅದೇ ಸಮಯಕ್ಕೆ ಒಂದು ಉಪವಾಸ ಪ್ರಾರ್ಥನೆಗೆ ಹೊರಗಿನಿಂದ ಒಬ್ಬ ಪ್ರವಾದಿಯನ್ನು ಕರೆಸಿದ್ದರು. ಅವರ ಹೆಸರು ಇಲ್ಲಿ ಬೇಡ. ಅವರು ನಮ್ಮ ಅತ್ತಿಗೆಯ ತಲೆ ಮೇಲೆ ಕೈಯಿಟ್ಟು, ‘ಕರ್ತನು ಹೇಳುತ್ತಾನೆ, ನಿನ್ನ ಹೊಲದಲ್ಲಿ ಒಂದು ಹುಣಸೆ ಮರ ಕಾಣಿಸುತ್ತಿದೆ, ಅದರ ಪೂರ್ವಕ್ಕೆ ನೀರಿದೆ’ ಎಂದರು. ಜನ ಹಲ್ಲೆಲೂಯ ಎಂದರು. ಅತ್ತಿಗೆ ಅತ್ತುಬಿಟ್ಟರು. ಹುಣಸೆ ಮರ ನಮ್ಮ ಕಡೆ ಎಷ್ಟೋ ಹೊಲಗಳಲ್ಲಿ ಇರುತ್ತದೆ. ಆದರೆ ಆ ಹೊತ್ತಿನಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

ಅಣ್ಣ ಅಷ್ಟರಲ್ಲಿ ಜಿಯಾಲಜಿಸ್ಟ್ ಒಬ್ಬರನ್ನು ಕರೆಸಿ ಪಾಯಿಂಟ್ ಹಾಕಿಸಿದ್ದ. ಅದು ಹೊಲದ ಇನ್ನೊಂದು ತುದಿಯಲ್ಲಿತ್ತು. ಅದನ್ನು ಬಿಟ್ಟ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ನಾವು ಕರೆಸುವುದಿಲ್ಲ, ನಾವು ವಿಶ್ವಾಸಿಗಳು ಎಂದು ಊರಿನವರ ಹತ್ತಿರ ಹೇಳುತ್ತಿದ್ದವನು ಅವನು. ‘ಅವತ್ತು ನಾನು ಮಾಡಿದ್ದು ಅದಕ್ಕಿಂತ ಏನು ಬೇರೆ’ ಎಂದು ಈಗ ಅವನೇ ಕೇಳುತ್ತಾನೆ.

ರಿಗ್ ಲಾರಿ ರಾತ್ರಿ ಬಂತು. 600 ಅಡಿಗೆ ಸ್ವಲ್ಪ ತೇವ ಕಂಡಿತು. ಎಲ್ಲರೂ ಸ್ತೋತ್ರ ಹೇಳಿದರು. ಆಮೇಲೆ ಬರೀ ಧೂಳು. 1,000 ಅಡಿಗೆ ಲಾರಿಯವನೇ ‘ನಿಲ್ಲಿಸೋಣ ಅಣ್ಣ, ಸುಮ್ನೆ ದುಡ್ಡು ಹೋಗುತ್ತೆ’ ಎಂದ. ವಿಶ್ವಾಸದಿಂದ ಮುಂದೆ ಹೋಗಿ ಎಂದು ಫೋನಿನಲ್ಲಿ ಮಾತು ಬಂತು. 1,350 ಅಡಿಗೆ ನಿಲ್ಲಿಸಿದರು. ಬೆಳಗ್ಗೆ ನೋಡಿದರೆ ಹೊಲದ ತುಂಬಾ ಬೂದಿಯಂಥ ಕಲ್ಲುಪುಡಿ. ಮಾವಿನ ಎಲೆಗಳ ಮೇಲೆಲ್ಲ ಅದೇ. ಅತ್ತಿಗೆಯ ಚಿನ್ನ ಅಡಮಾನಕ್ಕೆ ಹೋಗಿತ್ತು. ಮೇಲೆ ಕೈಸಾಲ ಬೇರೆ.

ಬೋರು ಫೇಲಾಗುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಜಿಯಾಲಜಿಸ್ಟ್ ಹೇಳಿದ ಕಡೆ ಕೊರೆದಿದ್ದರೂ ಫೇಲಾಗಬಹುದಿತ್ತು. ನನ್ನ ನೋವು ಆಮೇಲಿನದು. ನೀರು ಬರಲಿಲ್ಲ ಎಂದು ಅತ್ತಿಗೆ ಆ ಪ್ರವಾದಿಗೆ ಫೋನು ಮಾಡಿ ಹೇಳಿದಾಗ, ‘ನಿಮ್ಮ ಮನೆಯೊಳಗೆ ಒಂದು ಗುಪ್ತ ಪಾಪ ಇದೆ, ಅದೇ ನೀರನ್ನು ತಡೆದಿದೆ’ ಎಂದು ಉತ್ತರ ಬಂತು. ಹೇಳಿದವರು ಮುಂದಿನ ಊರಿನ ಕೂಟಕ್ಕೆ ಹೋದರು. ಆ ಮಾತು ಮಾತ್ರ ಅಣ್ಣನ ಮನೆಯಲ್ಲೇ ಉಳಿಯಿತು. ಅಣ್ಣ ತನ್ನ ಹಳೇ ತಪ್ಪುಗಳನ್ನೆಲ್ಲ ಎಣಿಸಿದ. ಅತ್ತಿಗೆ ಮಗಳ ಫೋನು ತೆಗೆದು ನೋಡಿದರು. ಯೆಹೋಶುವನ ಪುಸ್ತಕದ ಆಕಾನನ ಕಥೆ, ಒಬ್ಬನ ಪಾಪದಿಂದ ಇಡೀ ಇಸ್ರಾಯೇಲು ಸೋತ ಕಥೆ, ಆ ಮನೆಯಲ್ಲಿ ದಿನಾ ಬರತೊಡಗಿತು. ಹುಡುಗಿ ಆಗ ಸೆಕೆಂಡ್ ಪಿಯುಸಿ. ಒಂದು ದಿನ ಬಸ್ಸು ಹತ್ತಿ ನನ್ನ ಹತ್ತಿರ ಬಂದಳು. ಊಟ ಮಾಡಲಿಲ್ಲ. ‘ಅತ್ತೆ, ನನ್ನಿಂದಾನಾ ನೀರು ಬರ್ಲಿಲ್ಲ?’ ಎಂದು ಕೇಳಿದಳು.

ಹಾಗೆಲ್ಲ ಇಲ್ಲ ಕಂದಾ ಎಂದೆ. ಅವಳು ಬಿಡಲಿಲ್ಲ. ‘ಕರ್ತನು ಹೇಳುತ್ತಾನೆ ಅಂತಲೇ ಹೇಳಿದ್ರಲ್ಲ ಅತ್ತೆ’ ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಡೇ ಸ್ಕೂಲಿನಿಂದ ಸಭೆಯಲ್ಲೇ ಬೆಳೆದವಳು ನಾನು. ಆದರೂ ಇರಲಿಲ್ಲ.

ನಮ್ಮ ವಾರ್ಡಿಗೆ ಬರುತ್ತಿದ್ದ ಮೇಷ್ಟ್ರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಗುರುವಾರ ಬನ್ನಿ ಎಂದರು. ಮೊದಲ ದಿನ ಓದಿದ್ದು ಧರ್ಮೋಪದೇಶಕಾಂಡದ 18ನೇ ಅಧ್ಯಾಯ. ಈ ಮಾತು ಕರ್ತನದೋ ಅಲ್ಲವೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಅಲ್ಲೇ ಇದೆ. ಪ್ರವಾದಿ ಕರ್ತನ ಹೆಸರಿನಲ್ಲಿ ಹೇಳಿದ್ದು ನಡೆಯದೇ ಹೋದರೆ ಅದು ಕರ್ತನ ಮಾತಲ್ಲ, ಅವನು ಸ್ವಂತವಾಗಿ ಆಡಿದ್ದು ಎಂಬ ಉತ್ತರವೂ ಅಲ್ಲೇ ಇದೆ. ಅಧ್ಯಾಯದ ಕಟ್ಟಕಡೆಯ ಮಾತು ಏನು ಗೊತ್ತಾ? ಅವನಿಗೆ ಹೆದರಬೇಡ ಎಂದು. ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೂ ನನಗೆ ಬೆರಳಿಟ್ಟು ತೋರಿಸಿರಲಿಲ್ಲ. ದೇವರು ತನ್ನ ಜನ ತನಗೆ ಭಯಪಡಬೇಕು ಎನ್ನುತ್ತಾನೆ. ತನ್ನ ಹೆಸರನ್ನು ಸುಮ್ಮನೆ ಬಳಸಿದವನಿಗೆ ಭಯಪಡಬೇಡಿ ಎಂದೂ ಅವನೇ ಹೇಳುತ್ತಾನೆ. ಆ ರಾತ್ರಿಯೇ ನಾನು ಹುಡುಗಿಗೆ ಫೋನು ಮಾಡಿ ಆ ವಚನ ಓದಿಸಿದೆ.

ಇದನ್ನು ಕೇಳಿದಾಗ ನಿಮ್ಮಲ್ಲಿ ಒಬ್ಬರು ಹೇಳಿದ ಮಾತು ನನಗೆ ಗೊತ್ತು. ‘ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ’ ಎಂಬ ವಚನ ಹೇಳಿದಿರಿ. 105ನೇ ಕೀರ್ತನೆಯ ಮಾತು ಅದು. ಆ ಕೀರ್ತನೆಯನ್ನು ಮೇಲಿನಿಂದ ಓದಿ ಪಾಸ್ಟರ್. ಅಲ್ಲಿ ಅಭಿಷಿಕ್ತರು ಯಾರು? ಅಬ್ರಹಾಮ, ಇಸಾಕ, ಯಾಕೋಬ. ಸ್ವಂತ ಜಾಗ ಇಲ್ಲದೆ ಊರಿಂದೂರಿಗೆ ಅಲೆಯುತ್ತಿದ್ದ ಒಂದು ಸಣ್ಣ ಕುಟುಂಬ. ಕೈಯಲ್ಲಿ ಬಲವಿದ್ದ ಅರಸರಿಗೆ ದೇವರು ಕೊಟ್ಟ ಎಚ್ಚರಿಕೆ ಅದು, ಇವರಿಗೆ ಕೇಡು ಮಾಡಬೇಡಿ ಎಂದು. ವೇದಿಕೆ ಮೇಲಿರುವವರನ್ನು ಪ್ರಶ್ನೆ ಕೇಳಬೇಡಿ ಎಂದು ಅದರ ಅರ್ಥವಲ್ಲ. ದಾವೀದನೂ ಅಭಿಷಿಕ್ತನಾದ ಸೌಲನ ಮೇಲೆ ಕೈಯೆತ್ತಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು, ನೀನು ನನಗೆ ಮಾಡುತ್ತಿರುವುದು ಅನ್ಯಾಯ ಎಂದು ಕೂಗಿ ಹೇಳಿದ.

ಇದಕ್ಕೆ ಸೇರಿದ ಇನ್ನೊಂದು ವಿಷಯ ಗುರುವಾರದ ಜೆರಾಕ್ಸ್‌ನಲ್ಲಿ ಸಿಕ್ಕಿತು. ನಾವು ಓದುತ್ತಿರುವುದು ಹೈಡೆಲ್‌ಬರ್ಗ್ ಪ್ರಶ್ನೋತ್ತರ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಊರಿನಲ್ಲಿ ಅಚ್ಚಾದದ್ದು. 129 ಪ್ರಶ್ನೆಗಳು. ವರ್ಷದ 52 ಭಾನುವಾರಗಳಿಗೆ ಹಂಚಿದ್ದಾರೆ, ಸಾಮಾನ್ಯ ಜನ, ಮಕ್ಕಳು ಕಲಿಯಲಿ ಎಂದು. 31ನೇ ಪ್ರಶ್ನೆ ಯೇಸುವನ್ನು ಕ್ರಿಸ್ತ, ಅಂದರೆ ಅಭಿಷಿಕ್ತ ಎಂದು ಯಾಕೆ ಕರೆಯುತ್ತಾರೆ ಎಂದು ಕೇಳುತ್ತದೆ. ಆತನು ನಮ್ಮ ಪ್ರವಾದಿ, ಯಾಜಕ, ಅರಸ ಎನ್ನುತ್ತದೆ ಉತ್ತರ. 32ನೇ ಪ್ರಶ್ನೆ: ಹಾಗಾದರೆ ನಿನ್ನನ್ನು ಕ್ರೈಸ್ತ ಎಂದು ಯಾಕೆ ಕರೆಯುತ್ತಾರೆ? ನಂಬಿಕೆಯಿಂದ ನಾನು ಕ್ರಿಸ್ತನ ಅಂಗ, ಆತನ ಅಭಿಷೇಕದಲ್ಲಿ ನನಗೂ ಪಾಲಿದೆ, ಆತನ ಹೆಸರನ್ನು ಅರಿಕೆ ಮಾಡುವುದಕ್ಕೆ ಎಂದು ಉತ್ತರ. ಯೋಹಾನನು ತನ್ನ ಮೊದಲ ಪತ್ರಿಕೆಯಲ್ಲಿ ಹೇಳುವುದೂ ಇದನ್ನೇ. ಅಭಿಷೇಕ ನಿಮಗೆಲ್ಲರಿಗೂ ಇದೆ ಎನ್ನುತ್ತಾನೆ.

ನಾನು ಓದುವುದನ್ನು ನಿಲ್ಲಿಸಿಬಿಟ್ಟೆ. ಹಾಗಾದರೆ ನಮ್ಮ ಹುಡುಗಿಯೂ ಅಭಿಷಿಕ್ತಳು ಅಲ್ವಾ? ದೀಕ್ಷಾಸ್ನಾನ ಆದವಳು, ಭಾನುವಾರ ಕ್ವಾಯರಿನಲ್ಲಿ ಹಾಡುವವಳು. ಅವಳ ಮೇಲೆ ಇಲ್ಲದ ಪಾಪ ಹೊರಿಸಿದ್ದು ಅಭಿಷಿಕ್ತರನ್ನು ಮುಟ್ಟಿದಂತಲ್ಲವಾ? ಆ ವಚನ ಅವಳ ಪರವಾಗಿ ನಿಲ್ಲಬೇಕಿತ್ತು. ನಾವು ಅದನ್ನು ಅವಳ ಎದುರಿಗೆ ಗೋಡೆಯ ಹಾಗೆ ಕಟ್ಟಿಬಿಟ್ಟೆವು.

ಈಗ ನಿಮ್ಮ ಪ್ರಕಟಣೆಯ ಮಾತಿಗೆ ಬರುತ್ತೇನೆ. ರಿಫಾರ್ಮ್ಡ್ ಎಂದರೆ ಪ್ರವಾದನೆಗೆ ವಿರೋಧ ಎಂದಿರಿ. ಅರ್ಧ ಸರಿ, ಅರ್ಧ ತಪ್ಪು. ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಎಂಬ ರಿಫಾರ್ಮ್ಡ್ ಸಭೆಗಳ ನಂಬಿಕೆಯ ಬರಹ 1640ರ ದಶಕದ್ದು. ದೇವರು ಹಿಂದೆ ತನ್ನ ಚಿತ್ತವನ್ನು ತಿಳಿಸುತ್ತಿದ್ದ ರೀತಿಗಳು ಈಗ ನಿಂತಿವೆ, ಆತನ ಮಾತು ಸತ್ಯವೇದದಲ್ಲಿ ಬರವಣಿಗೆಯಾಗಿ ನಮಗೆ ಸಿಕ್ಕಿದೆ ಎಂದು ಅದರ ಮೊದಲ ಅಧ್ಯಾಯವೇ ಹೇಳುತ್ತದೆ. ನಮ್ಮ ಮೇಷ್ಟ್ರು ಇದನ್ನೇ ಹಿಡಿಯುತ್ತಾರೆ. ಮೆಡಿಕಲ್ ಶಾಪಿನ ಹುಡುಗ ಒಪ್ಪುವುದಿಲ್ಲ. ಪೌಲನು ಪ್ರವಾದನೆಯನ್ನು ಹೀನೈಸಬೇಡಿ ಎಂದಿದ್ದಾನೆ, ಅದನ್ನು ಎಲ್ಲಿ ಇಡುತ್ತೀರಿ ಸಾರ್ ಎಂದು ಕೇಳುತ್ತಾನೆ. ರಿಫಾರ್ಮ್ಡ್ ದೈವಶಾಸ್ತ್ರ ಹಿಡಿದ ವಿದ್ವಾಂಸರಲ್ಲೇ ಇವತ್ತು ಈ ಎರಡೂ ಪಕ್ಷದವರಿದ್ದಾರೆ. ರಕ್ಷಣೆ ಯಾರಿಗೆ ಎಂದು ದೇವರೇ ಮೊದಲೇ ಆರಿಸಿದ್ದಾನೆ ಎಂಬ ಆಯ್ಕೆಯ ವಿಷಯದಲ್ಲಂತೂ ನಮ್ಮ ಮೆಥಡಿಸ್ಟ್ ಅಕ್ಕ ಒಬ್ಬರು ಕ್ಯಾಲ್ವಿನ್ನನನ್ನು ಒಂದು ಇಂಚೂ ಒಪ್ಪುವುದಿಲ್ಲ. ಅವರೇ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುವುದು. ನಾನು ಯಾವ ಕಡೆ ಎಂದು ಕೇಳಿದರೆ, ದೇವರು ಇವತ್ತು ಒಬ್ಬರ ಮನಸ್ಸಿಗೆ ಒಂದು ವಿಷಯ ತರುವುದಿಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ. ಆದರೆ ಅದನ್ನು ಸತ್ಯವೇದದ ಪಕ್ಕದಲ್ಲಿ ಅದೇ ಎತ್ತರಕ್ಕೆ ಇಡಲು ನಾನು ಒಪ್ಪುವುದಿಲ್ಲ.

ನಮ್ಮ ಅಜ್ಜಿ ಕೆಜಿಎಫ್‌ನವರು. ಗಣಿ ಕೆಲಸದವರ ಲೈನ್ ಮನೆಯಲ್ಲಿ ಬಾಳಿದವರು. ಒಂದು ರಾತ್ರಿ ಎದ್ದು ಕುಳಿತು, ‘ನನಗೇನೋ ಮನಸ್ಸಿಗೆ ಬರ್ತಿದೆ, ನಿನ್ನ ತಂಗಿ ಮನೆಗೆ ಹೋಗಿ ಬಾ’ ಎಂದು ಅಪ್ಪನನ್ನು ಕಳಿಸಿದರಂತೆ. ಹೋದರೆ ಚಿಕ್ಕತ್ತೆಗೆ ಹೆರಿಗೆ ನೋವು, ಮನೆಯಲ್ಲಿ ಯಾರೂ ಇಲ್ಲ. ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇದನ್ನು ಅಜ್ಜಿ ಸಾಯುವ ತನಕ ಪ್ರವಾದನೆ ಎಂದು ಕರೆಯಲಿಲ್ಲ. ಕರ್ತನು ಹೇಳುತ್ತಾನೆ ಎಂದು ಶುರು ಮಾಡಲೂ ಇಲ್ಲ. ಮನಸ್ಸಿಗೆ ಬಂತು ಎಂದರು, ಅಷ್ಟೇ. ಮನಸ್ಸಿಗೆ ಬಂದದ್ದು ತಪ್ಪಾಗಿದ್ದರೆ ಅಪ್ಪ ರಾತ್ರಿ ನಡೆದು ವಾಪಸ್ ಬರುತ್ತಿದ್ದರು, ಯಾರ ಚಿನ್ನವೂ ಹೋಗುತ್ತಿರಲಿಲ್ಲ. ಈ ಎರಡು ಮಾತಿನ ನಡುವೆ ಎಷ್ಟು ದೂರ ಇದೆ ನೋಡಿ. ಮನಸ್ಸಿಗೆ ಬಂತು ಎಂದವರಿಗೆ ನಾವು ಇಲ್ಲಮ್ಮ, ಹಾಗಲ್ಲ ಎನ್ನಬಹುದು. ಕರ್ತನು ಹೇಳುತ್ತಾನೆ ಎಂದವರಿಗೆ ಇಲ್ಲ ಎನ್ನುವುದು ಹೇಗೆ?

ಅದಕ್ಕೇ ಪೌಲನು ಕೊರಿಂಥದವರಿಗೆ ಒಂದು ಕ್ರಮ ಹಾಕಿಕೊಟ್ಟ. ಇಬ್ಬರು ಮೂವರು ಮಾತಾಡಲಿ, ಉಳಿದವರು ತೂಗಿ ನೋಡಲಿ ಎಂದ. ಉಳಿದವರು ಎಂದರೆ ನಾವು. ಥೆಸಲೊನೀಕದವರಿಗೆ ಆತ್ಮನನ್ನು ನಂದಿಸಬೇಡಿ ಎಂದವನೇ ಅದೇ ಉಸಿರಿನಲ್ಲಿ ಎಲ್ಲವನ್ನೂ ಪರಿಶೋಧಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದ. ನಿಮ್ಮ ಪ್ರಕಟಣೆಯಲ್ಲಿ ಮೊದಲ ಮಾತು ಬಂತು, ಎರಡನೆಯದು ಬರಲಿಲ್ಲ. ಪ್ರವಾದಿ ಯೆರೆಮೀಯನ ಕಾಲದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು, ಎರಡು ವರ್ಷದೊಳಗೆ ಬಾಬೆಲಿನ ನೊಗ ಮುರಿಯುತ್ತದೆ ಎಂದಾಗ, ಯೆರೆಮೀಯ ಮೊದಲು ಆಮೆನ್ ಎಂದ. ಹಾಗೇ ಆಗಲಿ ಎಂದ. ಅವನಿಗೂ ಒಳ್ಳೆಯ ಸುದ್ದಿ ಬೇಕಿತ್ತು. ಆದರೆ ಸಮಾಧಾನ ನುಡಿಯುವ ಪ್ರವಾದಿಯ ಮಾತು ನಡೆದಾಗ ಮಾತ್ರ ಅವನನ್ನು ಕರ್ತನು ಕಳುಹಿಸಿದನೆಂದು ತಿಳಿಯುತ್ತದೆ ಎಂದು ಅಲ್ಲೇ ಸೇರಿಸಿದ. ಅತ್ತಿಗೆ ಅತ್ತ ಆ ರಾತ್ರಿ ಸಭೆಯಲ್ಲಿ ಒಬ್ಬರಾದರೂ ಹೀಗೆ ಹೇಳುವವರು ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ರಿಫಾರ್ಮ್ಡ್ ಸಭೆಗಳು ಶುರುವಾದ ಕಾಲದಲ್ಲಿ ಪ್ರವಾದನೆ ಎಂಬ ಮಾತನ್ನು ಯಾವುದಕ್ಕೆ ಬಳಸುತ್ತಿದ್ದರು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಜ್ವಿಂಗ್ಲಿ ಮತ್ತು ಅವನ ಜೊತೆಯವರು ದೊಡ್ಡ ದೇವಾಲಯದಲ್ಲಿ ಒಂದು ಕೂಟ ಶುರು ಮಾಡಿದರು. ಹಳೇ ಒಡಂಬಡಿಕೆಯ ಒಂದು ಭಾಗವನ್ನು ಹೀಬ್ರೂ, ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಓದಿ ಅರ್ಥ ಹುಡುಕುವುದು, ಆಮೇಲೆ ಅದನ್ನೇ ಊರಿನ ಜನಕ್ಕೆ ಅವರ ಜರ್ಮನ್ ಮಾತಿನಲ್ಲಿ ತಿಳಿಸುವುದು. ಕೊರಿಂಥದ ಪತ್ರಿಕೆಯ ಅದೇ 14ನೇ ಅಧ್ಯಾಯ ನೋಡಿ ಆ ಕೂಟಕ್ಕೆ ಪ್ರವಾದನೆ ಎಂದೇ ಹೆಸರಿಟ್ಟರು. ಅವರ ಕೆಲಸದಿಂದ 1531ರಲ್ಲಿ ಜ್ಯೂರಿಕ್‌ನಲ್ಲಿ ಇಡೀ ಸತ್ಯವೇದ ಜನರ ಭಾಷೆಯಲ್ಲಿ ಬಂತು. ಸರಿಯಾಗಿ 300 ವರ್ಷ ಆದ ಮೇಲೆ, 1831ರಲ್ಲಿ, ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಬಳ್ಳಾರಿಯಲ್ಲಿ ಕೂತು ಆ ಕೆಲಸಕ್ಕೆ ವರ್ಷಗಟ್ಟಲೆ ದುಡಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು. ಚಿಕ್ಕಬಳ್ಳಾಪುರದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಸ್ಪತ್ರೆಯೂ ಅದೇ ಮಿಷನ್ ಹಾಕಿದ ಬೀಜ. 1947ರಲ್ಲಿ ಸಿಎಸ್‌ಐ ಆದಾಗ ಅದರಲ್ಲಿ ಸೇರಿದವರಲ್ಲಿ ರಿಫಾರ್ಮ್ಡ್ ಪರಂಪರೆಯ ಪ್ರೆಸ್ಬಿಟೇರಿಯನ್ ಸಭೆಗಳೂ ಇದ್ದವು. ಹಾಗಾಗಿ ಈ ಅಧ್ಯಯನ ಎಲ್ಲಿಂದಲೋ ನಿನ್ನೆ ಮೊನ್ನೆ ಬಂದದ್ದು ಎಂದು ನಮ್ಮ ಮಕ್ಕಳಿಗೆ ಹೇಳಬೇಡಿ. ನಾವು ಓದುವ ಸತ್ಯವೇದದ ಹಿಂದೆಯೇ ಆ ಜನ ಇದ್ದಾರೆ.

ಇಂಥ ಕೂಟಗಳು ಆಮೇಲೆ ಇಂಗ್ಲೆಂಡಿಗೂ ಹೋದವು. ಬೋಧಕರು ಸೇರಿ ಒಂದು ವಾಕ್ಯಭಾಗವನ್ನು ಒಬ್ಬರಾದ ಮೇಲೆ ಒಬ್ಬರು ವಿವರಿಸುವುದು, ಜನ ಕೂತು ಕೇಳುವುದು. ಆಗಿನ ರಾಣಿ ಒಂದನೇ ಎಲಿಜಬೆತ್‌ಗೆ ಇದು ಹಿಡಿಸಲಿಲ್ಲ. ನಿಲ್ಲಿಸಿ ಎಂದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಗ್ರಿಂಡಲ್‌ಗೆ ಆಜ್ಞೆ ಕೊಟ್ಟರು. ಅವರು 1576ರಲ್ಲಿ ರಾಣಿಗೆ ಒಂದು ಉದ್ದದ ಪತ್ರ ಬರೆದು, ಇದನ್ನು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಮುಂದಿನ ವರ್ಷ ಅವರ ಅಧಿಕಾರ ತೆಗೆದರು. 1583ರಲ್ಲಿ ತೀರಿಕೊಳ್ಳುವವರೆಗೂ ಪೂರ್ತಿ ವಾಪಸ್ ಕೊಡಲಿಲ್ಲ. ಅಷ್ಟು ದೊಡ್ಡ ಜಾಗದಲ್ಲಿದ್ದವರು ಜನ ಕೂತು ವಾಕ್ಯ ಕೇಳಲಿ ಎಂಬ ಒಂದೇ ವಿಷಯಕ್ಕೆ ಅಷ್ಟು ಕಳೆದುಕೊಂಡರು. ನಮ್ಮ ಸಭಾಪಾಲಕರು ಅವರ ಹಾಗೆ ನಮ್ಮ ಪಕ್ಕದಲ್ಲಿ ನಿಲ್ಲಬೇಕು ಎಂದು ನನ್ನ ಆಸೆ.

ನಮ್ಮ ತಪ್ಪನ್ನೂ ಹೇಳಬೇಕು. ಗುಂಪಿನ ಕೆಲವು ಹುಡುಗರಿಗೆ ನಾಲ್ಕು ಹೊಸ ಪದ ಬಂದ ಕೂಡಲೇ ನಾಲಿಗೆ ಉದ್ದವಾಗಿದೆ. ಒಬ್ಬ ಹುಡುಗ ತನ್ನ ಸಭೆಯಲ್ಲಿ ವಯಸ್ಸಾದ ಒಬ್ಬ ಅಮ್ಮ ಸಾಕ್ಷಿ ಹೇಳುವಾಗ ನಕ್ಕನಂತೆ. ಅದು ಪಾಪ. ಮುಂದಿನ ಗುರುವಾರ ಮೇಷ್ಟ್ರು ಪಾಠ ಶುರು ಮಾಡಲಿಲ್ಲ. ಮೊದಲು ಹೋಗಿ ಆ ಅಮ್ಮನ ಹತ್ತಿರ ಕ್ಷಮೆ ಕೇಳಿ ಬಾ ಎಂದರು. ಹೋಗಿ ಬಂದ. ಪವಿತ್ರಾತ್ಮನ ಕೆಲಸವನ್ನು ನಗುವ ಜನ ನಾವಾಗಬಾರದು. 1905ರಲ್ಲಿ ಮಹಾರಾಷ್ಟ್ರದ ಮುಕ್ತಿ ಮಿಷನ್‌ನಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳ ನಡುವೆ ದೊಡ್ಡ ಉಜ್ಜೀವನ ಆಯಿತು. ಅದನ್ನು ನಡೆಸುತ್ತಿದ್ದ ಪಂಡಿತಾ ರಮಾಬಾಯಿ ನಮ್ಮ ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದವರು. ಆ ತಾಯಿ ಅದೇ ಮಕ್ಕಳಿಗೆ ಓದು ಕಲಿಸಿದರು, ತಾವೇ ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ತಂದರು. ಪ್ರಾರ್ಥನೆಯ ಬೆಂಕಿ ಒಂದು ಕಡೆ, ವ್ಯಾಕರಣದ ಪುಸ್ತಕ ಒಂದು ಕಡೆ. ಎರಡೂ ಒಂದೇ ಮನೆಯಲ್ಲಿ ಇರಬಹುದು.

ನಿಮ್ಮಿಂದ ನಾನು ಕೇಳಿಕೊಳ್ಳುವುದು ಜಾಸ್ತಿ ಏನಿಲ್ಲ. ಹೊರಗಿನಿಂದ ಪ್ರವಾದಿಗಳನ್ನು ಕರೆಸುವುದಾದರೆ ಕರೆಸಿ. ಆದರೆ ಹೊಲ, ಹಣ, ಮದುವೆ, ಕಾಯಿಲೆ, ಮನೆಯ ಪಾಪ, ಇವುಗಳ ಬಗ್ಗೆ ಒಬ್ಬ ವ್ಯಕ್ತಿಗೆ ಮಾತು ಕೊಡುವಾಗ ಆ ಸಭೆಯ ಪಾಸ್ಟರ್ ಮತ್ತು ಹಿರಿಯರು ಪಕ್ಕದಲ್ಲಿರಲಿ. ಹೇಳಿದ್ದನ್ನು ತಾರೀಖು ಹಾಕಿ ಸಭೆಯ ಪುಸ್ತಕದಲ್ಲಿ ಬರೆದಿಡಲಿ. ನಾವು ವಾರ್ಡಿನಲ್ಲಿ ಒಂದು ಇಂಜೆಕ್ಷನ್ ಕೊಟ್ಟರೂ ಯಾವ ಔಷಧ, ಎಷ್ಟು ಗಂಟೆಗೆ, ಯಾರು ಕೊಟ್ಟರು ಎಂದು ಬರೆದು ಸೈನ್ ಹಾಕುತ್ತೇವೆ. ರೋಗಿಗೆ ತೊಂದರೆಯಾದರೆ ಆ ಹಾಳೆ ತೆಗೆದು ನೋಡುತ್ತಾರೆ. ಒಂದು ಮನೆಯ ಬದುಕು ತಿರುಗಿಸುವ ಮಾತಿಗೆ ಅಷ್ಟಾದರೂ ಲೆಕ್ಕ ಬೇಡವಾ?

ಹೇಳಿದ್ದು ನಡೆಯದಿದ್ದರೆ, ಯಾವ ಮೈಕಿನಲ್ಲಿ ಹೇಳಿದರೋ ಅದೇ ಮೈಕಿನಲ್ಲಿ ತಪ್ಪಾಯಿತು ಎನ್ನಲಿ. ಇದು ನಾನು ಹುಟ್ಟಿಸಿದ ಮಾತಲ್ಲ. ಅಮೆರಿಕದಲ್ಲಿ 2020ರ ಚುನಾವಣೆಯಲ್ಲಿ ಟ್ರಂಪ್ ಮತ್ತೆ ಗೆಲ್ಲುತ್ತಾರೆ ಎಂದು ಹಲವು ಪ್ರವಾದಿಗಳು ಕರ್ತನ ಹೆಸರಿನಲ್ಲಿ ಹೇಳಿದ್ದರು. ಗೆಲ್ಲಲಿಲ್ಲ. ಕೆಲವರು ಬಹಿರಂಗವಾಗಿ ಕ್ಷಮೆ ಕೇಳಿದರು. 2021ರಲ್ಲಿ ಅಲ್ಲಿನ ನಾಯಕರು ಸೇರಿ, ಬಹಿರಂಗವಾಗಿ ಹೇಳಿದ ಪ್ರವಾದನೆ ತಪ್ಪಾದರೆ ಬಹಿರಂಗವಾಗಿಯೇ ಒಪ್ಪಿಕೊಳ್ಳಬೇಕು ಎಂದು ಒಂದು ಹೇಳಿಕೆ ಬರೆದರು. ಅವರು ಇಂದಿಗೂ ಪ್ರವಾದನೆ ಉಂಟು ಎಂದು ನಂಬುವವರೇ, ರಿಫಾರ್ಮ್ಡ್ ಗುಂಪಿನವರು ಬರೆದದ್ದಲ್ಲ ಅದು.

ಮಾತ್ರೆ ನಿಲ್ಲಿಸು ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಇದನ್ನು ನರ್ಸ್ ಆಗಿ ಕೈಮುಗಿದು ಕೇಳುತ್ತೇನೆ. ಗುಣವಾಗಿದೆ ಎಂಬ ಮಾತು ಕೇಳಿ ಇನ್ಸುಲಿನ್ ಬಿಟ್ಟವರನ್ನು ಪ್ರಜ್ಞೆ ಇಲ್ಲದೆ ತಂದದ್ದನ್ನು ನೋಡಿದ್ದೇನೆ. ಟಿಬಿಗೆ ಕಡಿಮೆ ಅಂದರೂ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ. ನಡುವೆ ಬಿಟ್ಟರೆ ಅದೇ ಮಾತ್ರೆ ಆಮೇಲೆ ಕೆಲಸ ಮಾಡದೇ ಹೋಗಬಹುದು, ಮನೆಯ ಮಕ್ಕಳಿಗೂ ಅದೇ ಹಟಮಾರಿ ಟಿಬಿ ಹರಡಬಹುದು. ಪ್ರಾರ್ಥನೆ ಮಾಡಿ, ಎಣ್ಣೆ ಹಚ್ಚಿ, ನಾನೂ ಆಮೆನ್ ಎನ್ನುತ್ತೇನೆ. ಮಾತ್ರೆ ನಿಲ್ಲಿಸುವ ಮಾತು ಡಾಕ್ಟರ್ ಹೇಳಲಿ.

ಕವರಿನ ವಿಷಯವನ್ನೂ ಹೇಳಲೇಬೇಕು. ಪ್ರವಾದನೆಯ ಮಾತು ಪಡೆದವರು ಹೋಗುವಾಗ ಹಣದ ಕವರು ಕೊಡುವ ರೂಢಿ ಬಂದಿದೆ. ಪ್ರವಾದಿ ಎಲೀಷನು ಕುಷ್ಠದಿಂದ ಗುಣವಾದ ನಾಮಾನನ ಕೈಯಿಂದ ಏನೂ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲು ಹಿಂದೆ ಓಡಿದವನು ಎಲೀಷನ ಸೇವಕ ಗೇಹಜಿ. ಸಭೆಯ ಮೊದಲ ಕಾಲದ ದಿದಾಖೆ ಎಂಬ ಚಿಕ್ಕ ಪುಸ್ತಕದಲ್ಲಿ ಒಂದು ನಿಯಮ ಇದೆ. ಆತ್ಮದಲ್ಲಿ ಮಾತಾಡುತ್ತೇನೆ ಎಂದು ನನಗೆ ಹಣ ಕೊಡಿ ಎನ್ನುವವನ ಮಾತು ಕೇಳಬೇಡಿ, ಇಲ್ಲದವರಿಗೆ ಕೊಡಿ ಎಂದರೆ ಮಾತ್ರ ಅವನ ಮೇಲೆ ಯಾರೂ ತೀರ್ಪು ಮಾಡಬೇಡಿ ಎಂದು. ಅಪೊಸ್ತಲರ ಕೃತ್ಯಗಳಲ್ಲಿ ಅಗಬ ಎಂಬ ಪ್ರವಾದಿ ದೊಡ್ಡ ಬರ ಬರುತ್ತದೆ ಎಂದು ಮುಂಚೆಯೇ ಹೇಳಿದ. ರೋಮಿನ ಚಕ್ರವರ್ತಿ ಕ್ಲೌದ್ಯನ ಕಾಲದಲ್ಲಿ ಬರ ಬಂತು. ಅಗಬನ ಮಾತು ಕೇಳಿ ಅಂತಿಯೋಕ್ಯದ ಸಭೆ ಏನು ಮಾಡಿತು? ಪ್ರತಿಯೊಬ್ಬರೂ ಕೈಲಾದಷ್ಟು ಹಾಕಿ ಯೂದಾಯದ ಹಸಿದ ಅಣ್ಣತಮ್ಮಂದಿರಿಗೆ ಕಳಿಸಿದರು. ಬರದ ಜಿಲ್ಲೆಯಲ್ಲಿ ಪ್ರವಾದನೆ ಎಂದರೆ ನನಗೆ ಅಗಬನೇ ನೆನಪಾಗುತ್ತಾನೆ. ಅವನ ಮಾತಿನಿಂದ ಬಡವರ ಮನೆಗೆ ದುಡ್ಡು ಬಂತು.

ಕೊನೆಗೆ ಗುರುವಾರದ ರೂಮು. ಅದನ್ನು ನಿಲ್ಲಿಸಬೇಡಿ. ಬಂದು ಕೂತುಕೊಳ್ಳಿ. ತಪ್ಪಿದ್ದರೆ ಸತ್ಯವೇದ ತೆರೆದು ತೋರಿಸಿ, ತಿದ್ದಿಕೊಳ್ಳುತ್ತೇವೆ. ಅಣ್ಣ ಬೋರು ಫೇಲಾದ ಮೇಲೆ ಯಾವ ಸಭೆಗೂ ಹೋಗುತ್ತಿರಲಿಲ್ಲ. ಹೋದ ವಾರ ಮಾವಿನ ಮಂಡಿಗೆ ಬಂದವನು ನನ್ನ ಜೊತೆ ಮೆಟ್ಟಿಲು ಹತ್ತಿದ. ಅವತ್ತು ಪುನರಾವರ್ತನೆಗೆ ಬಂದದ್ದು 27ನೇ ಪ್ರಶ್ನೆ. ದೇವರ ಪರಾಮರಿಕೆ ಎಂದರೇನು ಎಂದು. ಸೊಪ್ಪು ಹುಲ್ಲು, ಮಳೆ ಮತ್ತು ಬರ, ಬೆಳೆಯುವ ವರ್ಷ ಬೆಳೆಯದ ವರ್ಷ, ಊಟ ನೀರು, ಆರೋಗ್ಯ ಕಾಯಿಲೆ, ಎಲ್ಲವೂ ಆಕಸ್ಮಿಕವಾಗಿ ಬರುವುದಿಲ್ಲ, ತಂದೆಯಾದ ಆತನ ಕೈಯಿಂದಲೇ ಬರುತ್ತವೆ ಎಂದು ಅದರ ಉತ್ತರ. ಮಳೆ ಮತ್ತು ಬರ ಎಂಬಲ್ಲಿ ಅಣ್ಣ ಇನ್ನೊಂದು ಸಲ ಓದಿ ಎಂದ. ಓದಿದರು. ‘ಹಾಗಾದ್ರೆ ಅದು ಶಿಕ್ಷೆ ಅಲ್ಲ’ ಎಂದ. ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ತಂದೆ ಯಾಕೆ ಕೊಡಲಿಲ್ಲ ಎಂದು ನನಗೆ ಗೊತ್ತಿಲ್ಲಪ್ಪ, ಆದರೆ ನಿನ್ನ ಮಗಳ ಮೇಲಿನ ಕೋಪಕ್ಕೆ ಅಲ್ಲ ಅಂತ ಹೇಳಬಲ್ಲೆ ಎಂದರು.

ಮೇಷ್ಟ್ರು ಹೇಳಿದರೆ ಸಾಲುವುದಿಲ್ಲ, ಅದಕ್ಕೇ ಈ ಪತ್ರ. ಹುಡುಗಿ ಈಗ ಡಿಗ್ರಿ ಎರಡನೇ ವರ್ಷ. ಚೆನ್ನಾಗಿ ಓದುತ್ತಾಳೆ. ಆದರೆ ಪಂಪ್ ಶೆಡ್ಡಿನ ಕಡೆ ಹೋಗುವುದಿಲ್ಲ. ಪಾಪ ಇದೆ ಎಂಬ ಮಾತು ಅವಳಿಗೆ ಬಂದದ್ದು ಸಭೆಯ ಹೆಸರಿನಲ್ಲಿ. ಅದನ್ನು ತೆಗೆಯುವ ಮಾತೂ ಸಭೆಯ ಹೆಸರಿನಲ್ಲೇ ಬರಬೇಕು. ನಿಮ್ಮಲ್ಲಿ ಯಾರಾದರೂ ಒಬ್ಬರು, ಯಾವ ಸಭೆಯವರಾದರೂ ಸರಿ, ಒಂದು ಭಾನುವಾರ ಮಧ್ಯಾಹ್ನ ನನ್ನ ಜೊತೆ ಅಣ್ಣನ ಮನೆಗೆ ಬನ್ನಿ. ಶ್ರೀನಿವಾಸಪುರದಿಂದ ಬಸ್ಸಿದೆ, ಆಟೋ ನಾನು ಮಾಡಿಸುತ್ತೇನೆ. ಅಣ್ಣ ಅತ್ತಿಗೆ ಇಬ್ಬರೂ ಇರುವಾಗ, ಅವಳ ಹೆಸರು ಹಿಡಿದು ಕರೆದು, ನಿನ್ನಿಂದಲ್ಲಮ್ಮ ಎಂದು ಹೇಳಿ.

ಕರ್ತನಲ್ಲಿ ನಿಮ್ಮ ಸಹೋದರಿ,
ಗುರುವಾರದ ಗುಂಪಿನವಳು, ಕೋಲಾರ